ಪ್ರೊವೋಸ್ಟ್ ಸ್ಕೀನ್ ಮನೆಯ ಬಾಗಿಲಲ್ಲಿ: ಅಬರ್ಡೀನಿನಲ್ಲಿ ನಾಲ್ಕು ದಿನ

ಮೊದಲ ದಿನ

ಸ್ಕಾಟ್ಲೆಂಡಿನ ಎಡಿನ್‌ಬರೋದಿಂದ ಅಬರ್ಡೀನಿಗೆ ರೈಲಿನಲ್ಲಿ ಸುಮಾರು ಎರಡೂವರೆ ತಾಸು. "ಅಕ್ಕಾ, ಬಲಗಡೆ ಕಿಟಕಿ ಹಿಡಿ" ಅಂತ ತಮ್ಮ ಫೋನಿನಲ್ಲಿ ಮೊದಲೇ ಹೇಳಿದ್ದ. ಯಾಕೆ ಅಂತ ಆಮೇಲೆ ಗೊತ್ತಾಯಿತು. ಊರು ಬಿಟ್ಟ ಸ್ವಲ್ಪ ಹೊತ್ತಿಗೆ 1890ರಲ್ಲಿ ತೆರೆದ ಫೋರ್ತ್ ಸೇತುವೆ ಬಂತು. ಕೆಂಪು ಉಕ್ಕಿನ ಆ ದೊಡ್ಡ ಸೇತುವೆ ದಾಟಿ, ಮುಂದೆ ಟೇ ನದಿ ದಾಟಿದ ಮೇಲೆ, ಸಮುದ್ರ ನಮ್ಮ ಜೊತೆಗೇ ನಡೆದು ಬಂತು. ಒಂದು ಕಡೆ ಕಡಿದಾದ ಬಂಡೆ, ಕೆಳಗೆ ಬಿಳಿ ನೊರೆ. ಇನ್ನೊಂದು ಕಡೆ ಹಸಿರು ಹೊಲ, ಕುರಿ.

ತಮ್ಮ ಇಲ್ಲಿಗೆ ಬಂದು ಆರು ವರ್ಷ ಆಯಿತು. ಸಮುದ್ರದೊಳಗಿನ ಎಣ್ಣೆ ತೆಗೆಯುವ ಕೆಲಸದಲ್ಲಿ ಇದ್ದಾನೆ. ಹೀಗೆ ಎಣ್ಣೆಯ ಕೆಲಸಕ್ಕೆ ಬಂದ ಕನ್ನಡದ ಮನೆಗಳು ಈ ಊರಲ್ಲಿ ಬೇರೆಯೂ ಇವೆ. ಸ್ಟೇಷನ್ನಿನಲ್ಲಿ ಅವನ ಮಗಳು ಓಡಿ ಬಂದು "ಅತ್ತೀ" ಅಂತ ಸೊಂಟ ಹಿಡಿದಳು. ಒಂಬತ್ತು ವರ್ಷದ ಹುಡುಗಿ. ಕನ್ನಡ ಚೆಂದಾಗಿಯೇ ಆಡುತ್ತಾಳೆ, ನಡುನಡುವೆ ಸ್ಕಾಟ್ಲೆಂಡಿನ ರಾಗ ಸೇರುತ್ತದೆ.

ನಾವು ಇಳಕಲ್ಲಿನ ಕಡೆಯವರು. ಜನ ನಮ್ಮೂರನ್ನು ಸೀರೆಯಿಂದ ಗುರುತಿಸುತ್ತಾರೆ, ಆದರೆ ಅಲ್ಲಿ ಬೆಳೆದವರಿಗೆ ಕೆಂಪು ಗ್ರಾನೈಟ್ ಕೂಡ ಅಷ್ಟೇ ಗೊತ್ತು. ಕಲ್ಲು ಕೊಯ್ಯುವ ಸದ್ದು ಕೇಳುತ್ತಲೇ ದೊಡ್ಡವರಾದವರು ನಾವು. ಹಾಗಾಗಿ ಅಬರ್ಡೀನಿನ ಯೂನಿಯನ್ ಸ್ಟ್ರೀಟಿಗೆ ಕಾಲಿಟ್ಟಾಗ ನನ್ನ ಕಣ್ಣು ಅಂಗಡಿಗಳ ಮೇಲೆ ಹೋಗಲಿಲ್ಲ, ಗೋಡೆಗಳ ಮೇಲೆ ಹೋಯಿತು. ಇಡೀ ಬೀದಿ ಬೂದು ಗ್ರಾನೈಟ್. ಸಂಜೆ ಎಂಟಾದರೂ ಬಿಸಿಲಿತ್ತು. ಆ ಓರೆ ಬಿಸಿಲು ಬಿದ್ದಲ್ಲೆಲ್ಲ ಕಲ್ಲಿನೊಳಗಿನ ಅಭ್ರಕ ಮಿಣಮಿಣ ಅನ್ನುತ್ತಿತ್ತು. ಈ ಊರನ್ನು 'ಗ್ರಾನೈಟ್ ನಗರ' ಅಂತ ಕರೆಯುವುದು ಸುಮ್ನೆ ಅಲ್ಲ.

ಊಟಕ್ಕೆ ಮೊದಲು ಸ್ವಲ್ಪ ಓಡಾಡಿ ಬರೋಣ ಅಂತ ಬ್ರಾಡ್ ಸ್ಟ್ರೀಟಿನ ಕಡೆ ಹೋದೆವು. ಒಂದು ಬದಿಗೆ ಮಾರಿಶಲ್ ಕಾಲೇಜು. ಜಗತ್ತಿನಲ್ಲೇ ಎರಡನೆಯ ಅತಿ ದೊಡ್ಡ ಗ್ರಾನೈಟ್ ಕಟ್ಟಡ ಅನ್ನುತ್ತಾರೆ. 2011ರಿಂದ ಅಲ್ಲೇ ನಗರಸಭೆಯ ಕಚೇರಿ ಇದೆ. ಅದರ ಎದುರಿಗೆ ಹೊಳೆಯುವ ಗಾಜಿನ ಹೊಸ ಕಟ್ಟಡಗಳು. ಅವುಗಳ ನಡುವಿನ ಸಂದಿಯಲ್ಲಿ ಒಂದು ಹಳೆಯ ಮನೆ ಕಂಡಿತು. ಒರಟು ಕಲ್ಲಿನ ಗೋಡೆ, ಸಣ್ಣ ಸಣ್ಣ ಕಿಟಕಿ, ಮೂಲೆಗಳಲ್ಲಿ ಚೂಪು ಟೋಪಿ ಹಾಕಿದ ದುಂಡು ಗೋಪುರ. ನಮ್ಮ ಕಡೆಯ ಹುಡೇವು, ಅಂದರೆ ಊರು ಕಾಯುವ ಕಲ್ಲಿನ ಬುರುಜು, ನೆನಪಾಯಿತು. ನಾನು ನಿಂತೇ ಬಿಟ್ಟೆ.

"ಏನ್ ನೋಡಾಕತ್ತೀ ಅಕ್ಕಾ ಅಷ್ಟು?" ಅಂದ ತಮ್ಮ.

"ಇದು ಯಾರ ಮನಿ?"

"ಈ ಊರ ಗೌಡ್ರ ಮನಿ ಅನ್ಕೋ. ನಾಳೆ ಒಳಗ ಹೋಗೂಣು. ಈಗ ಬಾಗಿಲ ಹಾಕ್ಯಾರ."

ಎರಡನೆಯ ದಿನ

ಬೆಳಿಗ್ಗೆ ಊರೆಲ್ಲ ಮಂಜು. ಸಮುದ್ರದಿಂದ ಬರುವ ಈ ಮಂಜಿಗೆ ಇಲ್ಲಿಯವರು 'ಹಾರ್' ಅನ್ನುತ್ತಾರೆ. ತಮ್ಮನ ಹೆಂಡತಿ ಜೋಳದ ರೊಟ್ಟಿ ಬಡಿದು ಶೇಂಗಾ ಹಿಂಡಿ ಜೊತೆ ಕೊಟ್ಟಳು. ಈ ಊರಿನದೇ ಆದ 'ರೋವಿ' ಅನ್ನುವ ಚಪ್ಪಟೆ ಉಪ್ಪು ಬ್ರೆಡ್ ತಿನ್ನುವ ಆಸೆ ನನಗಿತ್ತು. ಹಳೆಯ ಪದ್ಧತಿಯಲ್ಲಿ ಅದಕ್ಕೆ ಹಂದಿಯ ಕೊಬ್ಬು ಹಾಕುತ್ತಾರೆ, ಅಂಗಡಿಯಲ್ಲಿ ಕೇಳಿಯೇ ತಗೋಬೇಕು ಅಂತ ಅವಳು ಎಚ್ಚರಿಸಿದಳು. ಶಾಖಾಹಾರಿಗಳು ನೆನಪಿಡಿ.

ಹತ್ತು ದಾಟಿದ ಮೇಲೆ ಆ ಮನೆಗೆ ಹೋದೆವು. ಹೆಸರು 'ಪ್ರೊವೋಸ್ಟ್ ಸ್ಕೀನ್ಸ್ ಹೌಸ್'. ಒಳಗೆ ಹೋಗಲು ದುಡ್ಡಿಲ್ಲ.

ಪ್ರೊವೋಸ್ಟ್ ಅಂದರೆ ಯಾರು ಅಂತ ಮೊದಲು ಹೇಳಬೇಕು. ಸ್ಕಾಟ್ಲೆಂಡಿನ ಪೇಟೆ ಊರುಗಳಿಗೆ 'ಬರೋ' ಅನ್ನುತ್ತಿದ್ದರು. ಆ ಊರಿನ ಆಡಳಿತ ಸಭೆಯ ಮುಖ್ಯಸ್ಥನೇ ಪ್ರೊವೋಸ್ಟ್. ಸಂತೆ ಯಾವತ್ತು, ತೂಕ ಎಷ್ಟು, ಯಾರ ಜಗಳ ಹೇಗೆ ತೀರಬೇಕು, ಎಲ್ಲ ಅವನ ಮತ್ತು ಅವನ ಜೊತೆಯ 'ಬೇಯ್ಲಿ' ಅನ್ನುವ ನ್ಯಾಯಾಧಿಕಾರಿಗಳ ಕೈಯಲ್ಲಿ. ನಮ್ಮ ಗೌಡಿಕೆ ಮನೆತನದಿಂದ ಮನೆತನಕ್ಕೆ ಬರುತ್ತಿತ್ತು. ಇವರದು ಹಾಗಲ್ಲ, ಆದರೆ ಊರಿನ ಎಲ್ಲರೂ ಆರಿಸುತ್ತಿದ್ದರು ಅಂತಲೂ ಅಲ್ಲ. 1833ರಲ್ಲಿ ಸುಧಾರಣೆ ಬರುವವರೆಗೂ ಹಳೆಯ ಸಭೆಯೇ ಹೊಸ ಸಭೆಯನ್ನು ಆರಿಸುತ್ತಿತ್ತು. ಅಂದರೆ ದೊಡ್ಡ ವ್ಯಾಪಾರಸ್ಥರ ನಾಲ್ಕು ಮನೆಗಳೊಳಗೇ ಸುತ್ತುವ ಅಧಿಕಾರ. ಇದು ನಮಗೆ ಅರ್ಥವಾಗದ ವಿಷಯವೇನಲ್ಲ, ಅಲ್ವಾ?

ಮನೆ 1545ರಷ್ಟು ಹಳೆಯದು. ಅತಿ ಹಳೆಯ ಭಾಗ ಕೆಳಗಿದೆ, ಕಲ್ಲಿನ ಕಮಾನು ಚಾವಣಿಯದು. 1622ರಲ್ಲಿ ಮ್ಯಾಥ್ಯೂ ಲಮ್ಸ್‌ಡನ್ ಅನ್ನುವವರು ಕೊಂಡರು. ಮೇಲಿನ ಕಿಟಕಿಯ ತ್ರಿಕೋನದಲ್ಲಿ ಅವರ ಲಾಂಛನ ಮತ್ತು 1626 ಅನ್ನುವ ಇಸವಿ ಇನ್ನೂ ಇದೆ. 1669ರಲ್ಲಿ ಜಾರ್ಜ್ ಸ್ಕೀನ್ ಕೊಂಡರು. ಬಾಲ್ಟಿಕ್ ಸಮುದ್ರದ ದಂಡೆಯ ಡಾನ್ಜಿಗ್‌ನಲ್ಲಿ, ಅಂದರೆ ಈಗಿನ ಪೋಲೆಂಡಿನ ಗ್ದಾನ್ಸ್ಕ್‌ನಲ್ಲಿ, ವ್ಯಾಪಾರ ಮಾಡಿ ಹಣ ಗಳಿಸಿ ಬಂದ ಮನುಷ್ಯ. 1676ರಿಂದ 1685ರವರೆಗೆ ಊರಿನ ಪ್ರೊವೋಸ್ಟ್ ಆಗಿದ್ದರು. ಅವರ ಹೆಸರೇ ಮನೆಗೆ ನಿಂತಿತು.

ಬಾಗಿಲ ಮೇಲೆ ಅವರ ಲಾಂಛನ ಕೆತ್ತಿದ್ದಾರೆ. ನಾನು ಅದನ್ನು ಬಹಳ ಹೊತ್ತು ನೋಡಿದೆ. ಮಳೆ ಗಾಳಿಗೆ ಅಂಚುಗಳು ಸವೆದಿವೆ. ಹತ್ತಿರ ಹೋದರೆ ಬರೀ ಉಬ್ಬು ತಗ್ಗು. ಎರಡು ಹೆಜ್ಜೆ ಹಿಂದೆ ಬಂದರೆ ಆಕಾರ ಮೂಡುತ್ತದೆ. ಸ್ಕೀನ್ ಮನೆತನದ ಗುರುತು ಕಿರುಗತ್ತಿ ಮತ್ತು ತೋಳದ ತಲೆ. ತಮ್ಮನ ಮಗಳು ಬೆರಳು ತೋರಿಸಿ "ಅತ್ತೀ, ಅದು ನಾಯಿನಾ?" ಅಂದಳು. ತೋಳ ಅಂದೆ. ಬಾಗಿಲು ದೊಡ್ಡದೇನಲ್ಲ. ಊರು ಆಳಿದವರ ಮನೆಗೆ ಇಷ್ಟು ಸಣ್ಣ ಬಾಗಿಲೇ ಅನ್ನಿಸುವಷ್ಟು ಸಣ್ಣದು. ಆದರೆ ಈ ಛಳಿಯಲ್ಲಿ, ಕತ್ತಿ ಹಿಡಿದು ಬರುವವರ ಕಾಲದಲ್ಲಿ, ಬಾಗಿಲು ಸಣ್ಣದಿದ್ದಷ್ಟೂ ಒಳ್ಳೆಯದು. ನಮ್ಮ ವಾಡೆಗಳ ದಿಂಡಿ ಬಾಗಿಲಿನ ಲೆಕ್ಕವೂ ಅದೇ. ತಲೆ ಬಗ್ಗಿಸದೆ ಒಳಗೆ ಬರಲಾಗದು.

ಒಳಗೆ ಈಗ ಈ ಭಾಗದ ಸಾಧಕರ ಪ್ರದರ್ಶನ ಇದೆ. ದುರಸ್ತಿಗೆಂದು ಕೆಲವು ವರ್ಷ ಮುಚ್ಚಿದ್ದ ಮನೆಯನ್ನು 2021ರಲ್ಲಿ ಹೊಸದಾಗಿ ತೆರೆದಾಗ ಇದನ್ನು ಮಾಡಿದರು. ಫುಟ್‌ಬಾಲ್ ಆಟಗಾರ ಡೆನಿಸ್ ಲಾ, ಗಾಯಕಿ ಆ್ಯನಿ ಲೆನಾಕ್ಸ್, ಹೀಗೆ. ಮಕ್ಕಳಿಗೆ ಇಷ್ಟವಾಗುತ್ತದೆ. ನನಗೆ ಮಾತ್ರ ಕೋಣೆಗಳೇ ಸಾಕಿದ್ದವು. ಸ್ಕೀನ್ ಕಾಲದ ಗಾರೆಯ ಚಾವಣಿಯಲ್ಲಿ ಎತ್ತಿದ ಹೂವಿನ ಕೆಲಸ ಇದೆ. ಅದರ ಮುಂದೆ ಪರದೆ, ದೀಪ, ಬಣ್ಣದ ಫಲಕ ಸ್ವಲ್ಪ ಜಾಸ್ತಿ ಆಯಿತು ಅನ್ನಿಸಿತು.

ಮೇಲಿನ ಚಿತ್ರಶಾಲೆಗೆ ಬಂದಾಗ ಮಾತ್ರ ಬಾಯಿ ತಾನಾಗಿ ಮುಚ್ಚಿತು. ಉದ್ದನೆಯ, ತಗ್ಗಾದ ಕೋಣೆ. ಮರದ ಹಲಗೆಯ ಚಾವಣಿ. ಅದರ ತುಂಬ ಕ್ರಿಸ್ತನ ಬದುಕಿನ ಚಿತ್ರಗಳು. ದೇವದೂತ ಮರಿಯಮ್ಮನಿಗೆ ಸುದ್ದಿ ಹೇಳುವುದು, ಕುರುಬರು ಮಗುವನ್ನು ನೋಡಲು ಬರುವುದು, ಶಿಲುಬೆ. ಅಂಟಿನಂಥ ದ್ರವದಲ್ಲಿ ಪುಡಿ ಬಣ್ಣ ಕಲಸಿ ಬರೆದ ಟೆಂಪೆರಾ ಚಿತ್ರಗಳು. 17ನೆಯ ಶತಮಾನದವು, ಲಮ್ಸ್‌ಡನ್ ಬರೆಸಿದ್ದು ಅನ್ನುತ್ತಾರೆ. ಕೆಲವು ಕಡೆ ಮುಖವೇ ಇಲ್ಲ, ಕೆಲವು ಹಲಗೆಗಳು ಪೂರಾ ಹೋಗಿವೆ. ಉಳಿದಲ್ಲಿ ಒಂದು ಕೈ, ಒಂದು ಬಟ್ಟೆಯ ಮಡಿಕೆ, ಮಾಸಿದ ಕೆಂಪು.

ಆಶ್ಚರ್ಯ ಏನೆಂದರೆ, ಸ್ಕಾಟ್ಲೆಂಡ್ 1560ರಲ್ಲೇ ಪ್ರಾಟೆಸ್ಟಂಟ್ ದೇಶವಾಗಿತ್ತು. ಚರ್ಚುಗಳಲ್ಲಿ ಇಂಥ ಚಿತ್ರಗಳನ್ನು ಕಿತ್ತು ಹಾಕಿದ್ದರು. ಅಂಥ ಕಾಲದಲ್ಲಿ, ಊರಿನ ನಡುವೆ, ಒಬ್ಬ ದೊಡ್ಡ ಮನುಷ್ಯನ ಮಾಳಿಗೆಯಲ್ಲಿ ಇವು ಇದ್ದವು. ಮುಂದೆ ಗಾರೆಯ ಹಿಂದೆ ಮುಚ್ಚಿಹೋದವು. 20ನೆಯ ಶತಮಾನದಲ್ಲಿ ಮನೆ ದುರಸ್ತಿ ಮಾಡುವಾಗ ಮತ್ತೆ ಬೆಳಕಿಗೆ ಬಂದವು. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ಕತ್ತು ಮೇಲೆತ್ತಿ ನಿಂತವರಿಗೆ ಈ ಕೋಣೆ ಕೂಡಲೇ ತಮ್ಮದಾಗುತ್ತದೆ. ಕತ್ತು ನೋಯುತ್ತದೆ, ಆದರೂ ಕೆಳಗೆ ನೋಡಲು ಮನಸ್ಸಾಗುವುದಿಲ್ಲ.

ಅಲ್ಲಿ ಕಾಯುವ ಕೆಲಸದಲ್ಲಿದ್ದ ವಯಸ್ಸಾದ ಹೆಂಗಸು ನನ್ನ ಪಕ್ಕ ಬಂದು ನಿಂತರು. ತಾವು ಇದೇ ಊರಲ್ಲಿ ಹುಟ್ಟಿ ಬೆಳೆದವರು ಅಂದರು. "ನಾನು ಚಿಕ್ಕವಳಿದ್ದಾಗ ಈ ಮನೆಯನ್ನು ಹುಡುಕಬೇಕಾಗಿತ್ತು. ಪಕ್ಕದಲ್ಲೇ ಅಷ್ಟೆತ್ತರದ ಕಚೇರಿ ಇತ್ತಲ್ಲ" ಅಂತ ಕೈ ಎತ್ತಿ ತೋರಿಸಿದರು.

ಆ ಕಚೇರಿಯ ಕಥೆ ಕೇಳಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಈ ಮನೆಯ ಬೀದಿ ಗೆಸ್ಟ್‌ರೋ ಒಂದು ಕಾಲಕ್ಕೆ ಶ್ರೀಮಂತರದ್ದು. 1746ರಲ್ಲಿ, ಪಟ್ಟ ಕಳೆದುಕೊಂಡ ಸ್ಟುವರ್ಟ್ ರಾಜಮನೆತನವನ್ನು ಮತ್ತೆ ಪಟ್ಟಕ್ಕೆ ತರಲು ಎದ್ದ ಬಂಡಾಯ ಅಡಗಿಸಲು ಸೇನೆ ತಂದ ಕಂಬರ್ಲೆಂಡಿನ ಡ್ಯೂಕ್ ಸುಮಾರು 6 ವಾರ ಇದೇ ಮನೆಯಲ್ಲಿ ಬೀಡುಬಿಟ್ಟಿದ್ದ. ಇಲ್ಲಿಂದಲೇ ಕಲಡನ್ ಯುದ್ಧಕ್ಕೆ ಹೋದದ್ದು. ಆಮೇಲೆ ಎಷ್ಟೋ ಕಾಲ ಮನೆಗೆ 'ಕಂಬರ್ಲೆಂಡ್ ಹೌಸ್' ಅಂತಲೇ ಹೆಸರಿತ್ತು. 19ನೆಯ ಶತಮಾನಕ್ಕೆ ಶ್ರೀಮಂತರು ಬೇರೆ ಕಡೆ ಹೋದರು. ಬೀದಿ ಬಡವರ ಕೇರಿಯಾಯಿತು. ಪ್ರೊವೋಸ್ಟರ ಮನೆ ಕೂಲಿಯವರು ರಾತ್ರಿ ಮಲಗುವ ಛತ್ರವಾಯಿತು. 20ನೆಯ ಶತಮಾನದಲ್ಲಿ ಈ ಕೇರಿಯನ್ನೇ ತೆರವು ಮಾಡಲು ನಗರಸಭೆ ಹೊರಟಿತು. ಸುತ್ತಲಿನ ಮನೆಗಳು ಒಂದೊಂದಾಗಿ ಬಿದ್ದವು. ಇದೊಂದನ್ನು ಬಿಡಿ ಅಂತ ಊರ ಜನ ಹಟ ಹಿಡಿದರು. ಕೊನೆಗೆ ದುರಸ್ತಿಯಾಗಿ, 1953ರಲ್ಲಿ ರಾಣಿ ಎಲಿಜಬೆತ್ ಅವರ ತಾಯಿ ಬಂದು ವಸ್ತುಸಂಗ್ರಹಾಲಯವಾಗಿ ತೆರೆದರು.

ಅಷ್ಟಕ್ಕೇ ಮುಗಿಯಲಿಲ್ಲ. 1968ರಲ್ಲಿ ಅದೇ ನಗರಸಭೆ ಮನೆಗೆ ಒತ್ತಿಕೊಂಡು 14 ಮಹಡಿಯ ಕಚೇರಿ ಎಬ್ಬಿಸಿತು. ಸೇಂಟ್ ನಿಕೊಲಸ್ ಹೌಸ್ ಅಂತ. ಊರು ಆಳಿದ ಹಳೆಯ ಮನೆಯ ಮೇಲೆ ಊರು ಆಳುವ ಹೊಸ ಕಟ್ಟಡದ ನೆರಳು. ಆ ದೈತ್ಯನನ್ನು 2014ರ ಹೊತ್ತಿಗೆ ಕೆಡವಿದರು. ಮನೆ ಮಾತ್ರ ಇದ್ದಲ್ಲೇ ಇದೆ. ಆ ಜಾಗದಲ್ಲಿ ಬಯಲು ಬಿಡಿ, ಜನ ಕೂಡಲು ಚೌಕ ಮಾಡಿ ಅಂತ ಎಷ್ಟೋ ಜನ ಕೇಳಿದರು. ಬಂದದ್ದು ಈ ಗಾಜಿನ ಕಟ್ಟಡಗಳು. ಕಾನೂನಿನ ಪ್ರಕಾರ ಮನೆ 'ಎ' ವರ್ಗದ ಸಂರಕ್ಷಿತ ಕಟ್ಟಡ, ಅಂದರೆ ಅತಿ ಮಹತ್ವದ ವರ್ಗ. ಗೋಡೆಗೆ ರಕ್ಷಣೆ ಇದೆ. ಅದರ ಸುತ್ತಲಿನ ಆಕಾಶಕ್ಕೆ ಅಷ್ಟು ಇಲ್ಲ.

ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಪಕ್ಕದಲ್ಲೇ ಡೆನಿಸ್ ಲಾ ಅವರ ಕಂಚಿನ ಮೂರ್ತಿ, ಕೈ ಎತ್ತಿ ನಿಂತಿದ್ದಾರೆ. ಮಗು ಅದರ ಸುತ್ತ ಓಡುತ್ತಿದ್ದಳು. ನನ್ನ ಮನಸ್ಸು ನಮ್ಮೂರಿಗೆ ಹೋಗಿತ್ತು.

ನಮ್ಮೂರಲ್ಲೂ ಒಂದು ಗೌಡರ ವಾಡೆ ಇತ್ತು. ನಾನು ಶಾಲೆಗೆ ಹೋಗುವಾಗ ಅದರ ಪಡಸಾಲೆ ಇನ್ನೂ ನಿಂತಿತ್ತು. ಹೆಬ್ಬಾಗಿಲ ಚೌಕಟ್ಟಿನಲ್ಲಿ ಗಿಳಿ, ಬಳ್ಳಿ, ನಡುವೆ ಗಣಪತಿ. ಗೌಡಿಕೆ ನಿಂತದ್ದು 1961ರ ಗ್ರಾಮ ಅಧಿಕಾರ ರದ್ದತಿ ಕಾಯ್ದೆಯಿಂದ. ಅದು ನಿಲ್ಲಬೇಕಿತ್ತು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ವಾಡೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರ ಮೊಮ್ಮಕ್ಕಳು ಇವತ್ತು ಪಂಚಾಯಿತಿ ಕುರ್ಚಿಯಲ್ಲಿ ಕೂತಿದ್ದಾರೆ. ಆದರೆ ಪುರಾತನ ಸ್ಮಾರಕಗಳನ್ನು ಕಾಯುವ ನಮ್ಮ ರಾಜ್ಯದ ಕಾಯ್ದೆಯೂ 1961ರದ್ದೇ. ಒಂದೇ ವರ್ಷದ ಎರಡು ಕಾಯ್ದೆ. ಒಂದು ನಮ್ಮೂರಿನವರೆಗೆ ಬಂತು, ಇನ್ನೊಂದು ಬರಲಿಲ್ಲ. ವಾಡೆ ಬಿತ್ತು.

ಮೂರನೆಯ ದಿನ

ಇವತ್ತು ಊರಿನ ಅಧಿಕಾರದ ಉಳಿದ ಗುರುತುಗಳನ್ನು ನೋಡೋಣ ಅಂತ ಹೊರಟೆವು. ಎಲ್ಲ ಕಾಲ್ನಡಿಗೆಯ ದೂರ.

ಮೊದಲು ಕ್ಯಾಸಲ್‌ಗೇಟ್ ಚೌಕದ ಮರ್ಕಟ್ ಕ್ರಾಸ್, ಅಂದರೆ ಸಂತೆ ಕಟ್ಟೆ. 1686ರಲ್ಲಿ ಜಾನ್ ಮಾಂಟ್‌ಗೊಮರಿ ಅನ್ನುವ ಕಲ್ಲುಕುಟಿಗ ಕಟ್ಟಿದ್ದು. ಆರು ಮೂಲೆಯ ಮಂಟಪ, ಸುತ್ತ ರಾಜರಾಣಿಯರ ಮುಖ, ಮೇಲೆ ಕಂಬದ ತುದಿಗೆ ಒಂದು ಕೊಂಬಿನ ಕುದುರೆ. ಸರ್ಕಾರದ ಘೋಷಣೆಗಳನ್ನು ಓದುತ್ತಿದ್ದದ್ದು ಇಲ್ಲಿ. ನಮ್ಮಲ್ಲಿ ಡಂಗುರ ಸಾರುವ ಜಾಗ ಇತ್ತಲ್ಲ, ಹಾಗೆ. ಜಾರ್ಜ್ ಸ್ಕೀನ್ ಪ್ರೊವೋಸ್ಟ್‌ಗಿರಿ ಬಿಟ್ಟ ಮರುವರ್ಷ ಇದು ಎದ್ದಿತು.

ಹತ್ತಿರದಲ್ಲೇ ಟೋಲ್‌ಬೂತ್. 17ನೆಯ ಶತಮಾನದ ಜೈಲು, ಈಗ ಮ್ಯೂಸಿಯಂ. ಸುರುಳಿ ಮೆಟ್ಟಿಲು ಎಷ್ಟು ಇಕ್ಕಟ್ಟು ಅಂದರೆ ಎದುರಿಗೆ ಒಬ್ಬರು ಬಂದರೆ ಇನ್ನೊಬ್ಬರು ಹಿಂದೆ ಸರಿಯಬೇಕು. ಕಲಡನ್ ಯುದ್ಧದ ಕಾಲದಲ್ಲಿ ಬಂಡಾಯಗಾರರನ್ನು ಇಲ್ಲಿ ಕೂಡಿ ಹಾಕಿದ್ದರು. ಮಗು ಭಯಪಟ್ಟಳು, ಬೇಗ ಇಳಿದೆವು. ಪ್ರೊವೋಸ್ಟರ ಮನೆ ಚೆಂದ ಅಂದುಕೊಂಡು ಬಂದವರು ಇದನ್ನೂ ನೋಡಬೇಕು. ಅದೇ ಅಧಿಕಾರದ ಇನ್ನೊಂದು ಮಗ್ಗುಲು ಇದು.

ಮಾರಿಶಲ್ ಕಾಲೇಜಿನ ಮುಂದೆ ಕುದುರೆಯ ಮೇಲೆ ಕುಳಿತ ರಾಜ ರಾಬರ್ಟ್ ಬ್ರೂಸ್‌ನ ಮೂರ್ತಿ ಇದೆ. ಎತ್ತಿದ ಕೈಯಲ್ಲಿ ಒಂದು ಸನದು. 1319ರಲ್ಲಿ ಈ ರಾಜ ಸ್ಟಾಕೆಟ್ ಕಾಡನ್ನು ಊರಿಗೆ ಬಿಟ್ಟುಕೊಟ್ಟ. ಅದರಿಂದ ಬೆಳೆದದ್ದೇ ಊರಿನ 'ಸಾಮಾನ್ಯ ಹಿತದ ನಿಧಿ'. 700 ವರ್ಷ ದಾಟಿದ ಮೇಲೂ ಆ ನಿಧಿ ನಡೆಯುತ್ತಿದೆ. ನಗರಸಭೆಯ ದಾಖಲೆ ಪುಸ್ತಕಗಳು 1398ರಿಂದ ಇವೆ ಅಂತ ಕೇಳಿದಾಗಲಂತೂ ನನಗೆ ಹೊಟ್ಟೆಕಿಚ್ಚಾಯಿತು. ಯುನೆಸ್ಕೋದ 'ಜಗತ್ತಿನ ನೆನಪು' ಯೋಜನೆಯ ಬ್ರಿಟನ್ ಪಟ್ಟಿಯಲ್ಲೂ ಅವಕ್ಕೆ ಜಾಗ ಸಿಕ್ಕಿದೆ. ನಮ್ಮೂರ ಕುಲಕರ್ಣಿಯವರ ಅಟ್ಟದ ಮೇಲೆ ಮೋಡಿ ಲಿಪಿಯ ಕಾಗದದ ಗಂಟುಗಳು ಇದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಮಳೆಗಾಲದಲ್ಲಿ ಒಲೆ ಹಚ್ಚಲು ಹೋದವು.

ಮಧ್ಯಾಹ್ನ ಶಿಪ್‌ರೋ ಬೀದಿಯಲ್ಲಿ ಪ್ರೊವೋಸ್ಟ್ ರಾಸ್ ಅವರ ಮನೆ. 1593ರದ್ದು. ಜಾನ್ ರಾಸ್ 1710ರ ಹೊತ್ತಿಗೆ ಪ್ರೊವೋಸ್ಟ್ ಆಗಿದ್ದವರು. ಈಗ ಸಮುದ್ರ ಮ್ಯೂಸಿಯಮ್ಮಿನ ಒಂದು ಭಾಗ. ತಮ್ಮ ಅಲ್ಲಿ ಎಣ್ಣೆ ಬಾವಿಯ ದೊಡ್ಡ ಮಾದರಿ ತೋರಿಸಿ, "ನಾ ಕೆಲಸ ಮಾಡೂದು ಇಂಥಾದ್ರಾಗ" ಅಂತ ಮಗಳಿಗೂ ನನಗೂ ವಿವರಿಸಿದ. ಅವನ ಮುಖ ಅರಳಿತ್ತು. ಬಾಕಿ ಏನು ನೋಡಿದೆ ಅಂತ ನೆನಪಿಲ್ಲ, ಅವನ ಮುಖ ನೆನಪಿದೆ.

ನಾಲ್ಕನೆಯ ದಿನ

ಮಳೆ. ಆದರೂ ಒಂದು ಜಾಗಕ್ಕೆ ಹೋಗಲೇಬೇಕು ಅಂತ ನಾನು ಹೇಳಿದೆ. ನಡು ಊರಿನಿಂದ ಬೇರೆ ಕಡೆ ಒಯ್ದ ಒಂದು ಹಳೆಯ ಮನೆಯ ಬಗ್ಗೆ ಚಿತ್ರಶಾಲೆಯ ಆ ಹೆಂಗಸು ಮೊನ್ನೆ ಹೇಳಿದ್ದು ತಲೆಯಲ್ಲಿ ಕೂತಿತ್ತು. ಮೊದಲು ದಾರಿಯಲ್ಲಿ ರುಬಿಸ್ಲಾ ಕ್ವಾರಿ. ಆ ಜಮೀನು ಸ್ಕೀನ್ ಮನೆತನದ್ದಾಗಿತ್ತು. ಊರಿನ ಅರ್ಧ ಕಟ್ಟಡಗಳ ಕಲ್ಲು ಇಲ್ಲಿಂದ ಬಂದದ್ದಂತೆ. 142 ಮೀಟರ್ ಆಳ ತೋಡಿ 1971ರಲ್ಲಿ ನಿಲ್ಲಿಸಿದರು. ಈಗ ನೀರು ತುಂಬಿದೆ, ಸುತ್ತ ಬೇಲಿ, ಗಿಡಗಂಟಿ. ಏನೂ ಕಾಣಲಿಲ್ಲ. ಕಲ್ಲಿನ ಊರಿನವಳಿಗೆ ಆ ಬೇಲಿಯ ಹೊರಗೆ ನಿಂತರೂ ಒಳಗಿನದು ಗೊತ್ತಾಗುತ್ತದೆ.

ಅಲ್ಲಿಂದ ಟಿಲಿಡ್ರೋನ್. ಸೀಟನ್ ಪಾರ್ಕಿನ ಹತ್ತಿರ ಏರಿನ ಮೇಲೆ ಒಂದು ಸಣ್ಣ ಗೋಪುರದ ಮನೆ, ಒಂಟಿ. ಹೆಸರು ವಾಲೇಸ್ ಟವರ್. 17ನೆಯ ಶತಮಾನದ ಆರಂಭದ್ದು. ಇದು ಮೊದಲು ಇದ್ದದ್ದು ನಡು ಊರಿನ ನೆದರ್‌ಕರ್ಕ್‌ಗೇಟ್ ಬೀದಿಯಲ್ಲಿ, ಸ್ಕೀನ್ ಮನೆಯಿಂದ ಕೂಗಳತೆಯ ದೂರದಲ್ಲಿ. 1960ರ ದಶಕದಲ್ಲಿ ಅಲ್ಲಿ ದೊಡ್ಡ ಅಂಗಡಿ ಬರಬೇಕಾಯಿತು. ಆಗ ಮನೆಯನ್ನು ಕಲ್ಲು ಕಲ್ಲು ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿದರು.

ಕೆಡವಿ ಬಿಸಾಡಲಿಲ್ಲವಲ್ಲ, ಅದಕ್ಕೆ ಸಂತೋಷ ಪಡಬೇಕು. ನಿಜ. ಆದರೆ ಬೀದಿಯ ಮೂಲೆಗೆ ಅಂತ ಕಟ್ಟಿದ ಮನೆಗೆ ಇಲ್ಲಿ ಬೀದಿಯೇ ಇಲ್ಲ. ಗೋಡೆಯ ಗೂಡಿನಲ್ಲಿ ಕತ್ತಿ ಹಿಡಿದ ಒಂದು ಕಲ್ಲಿನ ಮೂರ್ತಿ. ಮಳೆ ಅದರ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಎದುರಿಗೆ ಬರೀ ಹುಲ್ಲು. ನೋಡುವವರು ನಾವು ಮೂವರೇ. ಗಾಜಿನ ಕಟ್ಟಡಗಳ ಸಂದಿಯಲ್ಲಿ ಸಿಕ್ಕಿಕೊಂಡರೂ ಸ್ಕೀನ್ ಮನೆ ತಾನು ಹುಟ್ಟಿದ ನೆಲದಲ್ಲೇ ಇದೆ. ಮೊನ್ನೆ ಅದನ್ನು ನೋಡಿ ಪಟ್ಟ ಸಂಕಟ ಇಲ್ಲಿ ನಿಂತಾಗ ಸ್ವಲ್ಪ ಇಳಿಯಿತು.

ಮನೆಗೆ ಬಂದು, ಬಟ್ಟೆ ಬದಲಿಸಿ, ಊರಿಗೆ ಫೋನ್ ಹಚ್ಚಿದೆ. ಅಲ್ಲಿ ಆಗ ರಾತ್ರಿ ಒಂಬತ್ತರ ಹತ್ತಿರ. ದೊಡ್ಡಪ್ಪ ಊಟ ಮುಗಿಸಿ ಕಟ್ಟೆಯ ಮೇಲೆ ಕುಳಿತಿದ್ದರು. ಚೆನ್ನಾಗಿದ್ದೀರಾ, ಮಳೆ ಆಯಿತಾ, ಎಲ್ಲ ಮುಗಿದ ಮೇಲೆ ಕೇಳಿದೆ, "ದೊಡ್ಡಪ್ಪಾ, ಗೌಡ್ರ ವಾಡೇದ ಬಾಗಿಲ ಚೌಕಟ್ಟು ಎಲ್ಲಿ ಹೋತು?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಚೌಕಟ್ಟು ಯಾವಾಗೋ ಮಾರ್ಯಾರವಾ. ಯಾರೋ ಪ್ಯಾಟಿಯವ್ರು ಲಾರಿ ತಂದು ಒಯ್ದ್ರು."

"ಹೊಸ್ತಿಲು?"

"ಹೊಸ್ತಿಲು ಐತಿ. ಹನುಮಪ್ಪನ ಗುಡಿ ಹಿಂದ ಬಾವಿ ಕಟ್ಟಿಗೆ ಹಾಕ್ಯಾರ. ಅದರ ಮ್ಯಾಲೆ ಅರಿವಿ ಒಗೀತಾರ. ಯಾಕವಾ?"

ಆ ಹೊಸ್ತಿಲ ನಡುವೆ ಒಂದು ಪದ್ಮ ಕೊರೆದಿತ್ತು. ಶಾಲೆಯಿಂದ ಬರುವಾಗ ನಾವು ಹುಡುಗಿಯರು ಅದರ ಎಸಳು ಎಣಿಸುತ್ತಿದ್ದೆವು.

"ನಾಳಿ ಮುಂಜಾನೆ ಬೆಳಕು ಹರಿದ ಮ್ಯಾಲ ಅಲ್ಲಿ ತನಕ ಹೋಗಿ, ಅದರದೊಂದು ಫೋಟೋ ತಗಿಸಿ ಕಳಸ್ತೀರೇನ್ರಿ ದೊಡ್ಡಪ್ಪಾ? ನಾ ಬರೂತನಕ ಅದನ್ನ ಯಾರೂ ಎಬ್ಬಸದಂಗ ಹೇಳ್ರಿ" ಅಂದೆ.